ಧರಾಸನಕ್ಕೆ ನಡೆದು ಹೋದ ಬಾತ್ಮೀದಾರ

ಒಂದು ದೇಶದ ಪ್ರಜೆಗಳು ಪ್ರಭುತ್ವಕ್ಕೆ ಇದಿರಾಗಿ ನಿಂತ ಕಾಲದಲ್ಲಿ ಹೊರಗಿನ ಲೋಕವು ಆ ವೃತ್ತಾಂತವನ್ನು ಯಾರ ಬಾಯಿಂದ ಕೇಳಿತು, ಹೇಳಿದವನು ಎಲ್ಲಿ ನಿಂತು ನೋಡಿ ಹೇಳಿದನು, ಅವನ ಮಾತನ್ನು ಹೊತ್ತು ತಂದ ತಂತಿ ಯಾರ ವಶದಲ್ಲಿದ್ದಿತು ಎಂಬ ವಿಚಾರಗಳಿಗೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ನಾಯಕರ ಭಾಷಣಗಳನ್ನೂ ಸೆರೆವಾಸಗಳನ್ನೂ ಒಪ್ಪಂದಗಳನ್ನೂ ನಾವು ಶ್ರದ್ಧೆಯಿಂದ ಬರೆದಿಟ್ಟುಕೊಂಡಿದ್ದೇವೆ. ಸುದ್ದಿಯ ಸಾಗಾಟಕ್ಕೂ ಒಂದು ಚರಿತ್ರೆಯುಂಟೆಂಬುದನ್ನು, ಸಾಮ್ರಾಜ್ಯವು ಸೈನ್ಯಬಲದಿಂದ ಎಂತೋ ಅಂತೆಯೇ ಸುದ್ದಿಯ ಮೇಲಿನ ಹಿಡಿತದಿಂದಲೂ ಬಾಳಿತೆಂಬುದನ್ನು ಮಾತ್ರ ಆಗಾಗ ಮರೆತಿದ್ದೇವೆ. 1857ರಿಂದ 1930ರವರೆಗೆ ಇಂಡಿಯಾ ದೇಶದ ದಂಗೆಗಳನ್ನೂ ಸತ್ಯಾಗ್ರಹಗಳನ್ನೂ ಪರದೇಶದ ಪತ್ರಿಕೆಗಳು ವರ್ಣಿಸಿದ ಬಗೆಯನ್ನು ಕ್ರಮವಾಗಿ ನೋಡುತ್ತ ಬಂದವರಿಗೆ ಒಂದು ಸಂಗತಿ ಮನದಟ್ಟಾಗದೆ ಇರದು. ಸ್ಥಳಕ್ಕೆ ಹೋಗಿ, ಕಣ್ಣಾರೆ ಕಂಡು, ಗಾಯಾಳುಗಳನ್ನು ಒಬ್ಬೊಬ್ಬರನ್ನಾಗಿ ಎಣಿಸಿದ ಒಬ್ಬನ ಬರಹವು, ರಾಜಧಾನಿಯಲ್ಲಿ ಕುಳಿತು ಸರ್ಕಾರದ ಪ್ರಕಟನೆಗಳನ್ನು ನಕಲು ಮಾಡಿ ಕಳಿಸಿದ ನೂರು ಬರಹಗಳಿಗಿಂತ ಬಲವುಳ್ಳದ್ದಾಯಿತು. ಅಂಥ ಒಬ್ಬನು ಕಾಲಿಡದ ಊರುಗಳ ವೇದನೆಯಾದರೋ ಲೋಕದ ಲೆಕ್ಕಕ್ಕೆ ಸೇರಲೇ ಇಲ್ಲ.

ಮೀರತ್ತಿನ ಸಿಪಾಯಿಗಳು 1857ರ ಮೇ 10ರಂದು ಎದ್ದರಷ್ಟೆ. ಆ ವಾರ್ತೆ ಲಂಡನ್ ನಗರವನ್ನು ಮುಟ್ಟಿದ್ದು ಜೂನ್ ತಿಂಗಳ ಕೊನೆಯ ವಾರದಲ್ಲಿ. ಎರಡು ದೇಶಗಳ ನಡುವೆ ಆಗ ನೇರವಾದ ತಂತಿಯಿರಲಿಲ್ಲ. ಟಪಾಲು ಹಡಗಿನಲ್ಲಿ ಸುಯೆಜ್‌ವರೆಗೆ ಸಾಗಿ, ಅಲ್ಲಿಂದ ನೆಲದ ಮೇಲೆ ಅಲೆಕ್ಸಾಂಡ್ರಿಯಕ್ಕೆ ಹೋಗಿ, ಮತ್ತೆ ಹಡಗನ್ನೇರಬೇಕಾಗಿದ್ದಿತು. ಆ ವಿಳಂಬದಿಂದಾದ ತೆರಪನ್ನು ಊಹಾಪೋಹಗಳು ತುಂಬಿದವು. ಕಾನ್ಪುರದ ಬೀಬೀಘರದಲ್ಲಿ ಆ ಜುಲೈ ತಿಂಗಳು ದಂಗೆಯವರ ಸೆರೆಯಲ್ಲಿದ್ದ ಸುಮಾರು ಇನ್ನೂರು ಮಂದಿ ಬ್ರಿಟಿಷ್ ಹೆಂಗಸರೂ ಮಕ್ಕಳೂ ಕೊಲೆಯಾದುದು ಸತ್ಯ. ಅದು ಘೋರಪಾತಕ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಆ ಸತ್ಯದ ಸುತ್ತ ಹುತ್ತದಂತೆ ಬೆಳೆದ ಅಂಗಚ್ಛೇದದ, ಮಾನಭಂಗದ ಕಥೆಗಳು ಯಾವ ಸಾಕ್ಷಿಯ ಹಂಗೂ ಇಲ್ಲದೆ ಪತ್ರಿಕೆಯಿಂದ ಪತ್ರಿಕೆಗೆ ಹರಿದು, ಇಗರ್ಜಿಗಳ ಉಪದೇಶಪೀಠವನ್ನೂ ಏರಿ, ಪ್ರತೀಕಾರಕ್ಕೆ ಧರ್ಮದ ಮುದ್ರೆಯನ್ನು ಒತ್ತಿಸಿಕೊಂಡವು. ಅದೇ ಕಾಲದಲ್ಲಿ 'ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್' ಪತ್ರಿಕೆಯಲ್ಲಿ, ಲಂಡನ್ನಿನಲ್ಲಿ ದೇಶಭ್ರಷ್ಟನಾಗಿ ಬಾಳುತ್ತಿದ್ದ ಕಾರ್ಲ್ ಮಾರ್ಕ್ಸನು ಬೇರೊಂದು ಬಗೆಯಲ್ಲಿ ಬರೆಯುತ್ತಿದ್ದನು. ಕಂದಾಯ ವಸೂಲಿಗಾಗಿ ಇಂಡಿಯಾದ ರೈತರಿಗೆ ಕೊಡುತ್ತಿದ್ದ ಚಿತ್ರಹಿಂಸೆಯನ್ನು ಇಂಗ್ಲಿಷರದೇ ಅಧಿಕೃತ ವರದಿಗಳಿಂದ ಎತ್ತಿ ತೋರಿಸಿ, ದಂಗೆಯ ಕ್ರೌರ್ಯಕ್ಕೆ ಆಳ್ವಿಕೆಯ ಕ್ರೌರ್ಯವೇ ಬೀಜವೆಂದು ವಾದಿಸಿದನು. ವಾದ ಗಟ್ಟಿಯಾದುದೇ, ಆದರೂ ಅವನು ಇಂಡಿಯಾವನ್ನು ಕಂಡವನಲ್ಲ.

ಕಂಡು ಬರೆಯಲೆಂದು ಬಂದವನು ಲಂಡನ್ನಿನ 'ಟೈಮ್ಸ್' ಪತ್ರಿಕೆಯ ವಿಲಿಯಂ ಹೊವಾರ್ಡ್ ರಸೆಲ್. ಕ್ರಿಮಿಯ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ದುರವಸ್ಥೆಯನ್ನು ಬಯಲಿಗೆಳೆದು ಹೆಸರಾಗಿದ್ದ ಈ ಐರಿಷ್ ಮನುಷ್ಯನು 1858ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಇಳಿದನು. ಸೇನಾಧಿಪತಿ ಸರ್ ಕಾಲಿನ್ ಕ್ಯಾಂಬೆಲನ ದಂಡಿನೊಡನೆ ಸಂಚರಿಸುತ್ತ ಕಾನ್ಪುರಕ್ಕೆ ಬಂದಾಗ ಅವನು ಮಾಡಿದ ಕೆಲಸವನ್ನು ಪತ್ರಿಕಾವೃತ್ತಿಯವರೆಲ್ಲ ನೆನೆಯತಕ್ಕದ್ದು. ಬೀಬೀಘರದ ಗೋಡೆಗಳ ಮೇಲೆ ಸಾಯುವ ಮುನ್ನ ಆ ಹೆಂಗಸರು ಬರೆದರೆನ್ನಲಾದ ವಾಕ್ಯಗಳು ಆಗ ಇಂಗ್ಲೆಂಡಿನಲ್ಲೆಲ್ಲ ಪ್ರಸಿದ್ಧವಾಗಿದ್ದವು. ಪ್ರತೀಕಾರಕ್ಕೆ ಕರೆಕೊಡುವ ಆ ಬರಹಗಳನ್ನು ಓದಿ ಕಣ್ಣೀರಿಡದವರಿರಲಿಲ್ಲ. ರಸೆಲನು ವಿಚಾರಿಸಿ ನೋಡಲಾಗಿ, ಬ್ರಿಟಿಷ್ ಸೇನಾನಿ ಹ್ಯಾವ್‌ಲಾಕನ ಸೈನ್ಯವು ಆ ಮನೆಯನ್ನು ಮೊದಲು ಹೊಕ್ಕಾಗ ಗೋಡೆಯ ಮೇಲೆ ಅಂಥ ಯಾವ ಬರಹವೂ ಇರಲಿಲ್ಲವೆಂಬುದು, ಅವೆಲ್ಲ ಅನಂತರ ಬಂದವರ ಕೈಬರಹವೆಂಬುದು ತಿಳಿದುಬಂತು. ತನ್ನ ಜನಕ್ಕೆ ಅಪ್ರಿಯವಾಗುವುದೆಂದು ಬಲ್ಲವನಾಗಿಯೂ ಅದನ್ನು ಅವನು ಬರೆದನು. ಮತ್ತೊಂದನ್ನೂ ಬರೆದನು: ಅಲಹಾಬಾದಿನಿಂದ ಮುಂದೆ ಹೋದ ಬ್ರಿಟಿಷ್ ತುಕಡಿಯೊಂದು ಎರಡು ದಿನಗಳಲ್ಲಿ ನಲವತ್ತೆರಡು ಜನರನ್ನು ದಾರಿಯ ಪಕ್ಕದಲ್ಲಿ ನೇಣುಹಾಕಿತೆಂದೂ, ಹನ್ನೆರಡು ಮಂದಿಯನ್ನು ಕೊಂದುದಕ್ಕೆ ಕಾರಣ, ಸೈನ್ಯ ಎದುರಾದಾಗ ಅವರ ಮುಖ ತಕ್ಕ ದಿಕ್ಕಿಗಿರದೆ ಬೇರೆ ಕಡೆಗೆ ತಿರುಗಿದ್ದುದು ಮಾತ್ರವೇ ಎಂದೂ, ಆ ತುಕಡಿಯೊಡನೆ ಇದ್ದ ಅಧಿಕಾರಿಯೇ ಅವನಿಗೆ ಹೇಳಿದನು. ದಿಲ್ಲಿಯಲ್ಲಿ ಸೆರೆಯಾಗಿದ್ದ ಮೊಗಲ್ ಬಾದಷಹ, ವೃದ್ಧ ಬಹಾದುರ್ ಷಾನನ್ನು ಕಂಡು, ದಂಗೆಯ ಮಹಾಸೂತ್ರಧಾರನೆಂದು ಪತ್ರಿಕೆಗಳು ಚಿತ್ರಿಸಿದ್ದವನು ರೋಗದಿಂದ ನರಳುವ ಕೃಶನಾದ ಮುದುಕನೆಂಬುದನ್ನು ಓದುಗರ ಮುಂದಿಟ್ಟನು. ಅವನ ಇಂಡಿಯಾದ ದಿನಚರಿ 1860ರಲ್ಲಿ ಪುಸ್ತಕವಾಗಿ ಹೊರಬಂತು.

ಇಷ್ಟಾದರೂ ರಸೆಲನು ಸೇನಾಧಿಪತಿಯ ಬಿಡಾರದ ಅತಿಥಿಯಾಗಿದ್ದನು. ದಂಗೆಯೆದ್ದವರ ಬಾಯಿಂದ ಅವರ ಕಾರಣವನ್ನು ಕೇಳುವ ಮಾರ್ಗ ಅವನಿಗಿರಲಿಲ್ಲ. ದಂಡು ಹೋದ ದಾರಿಯೇ ಅವನ ದಾರಿ. ನಮ್ಮ ಮುಧೋಳದ ಬಳಿಯ ಹಲಗಲಿಯಲ್ಲಿ ಅದೇ 1857ರ ಕೊನೆಯಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಸರ್ಕಾರದ ಆಜ್ಞೆಯನ್ನು ಧಿಕ್ಕರಿಸಿ ಬೇಡರು ಎದ್ದು, ಊರು ಸುಟ್ಟುಹೋಗಿ, ಹಲವರು ಗಲ್ಲಿಗೇರಿದರು. ಆ ಹಳ್ಳಿಗೆ ಯಾವ 'ಟೈಮ್ಸ್' ಪತ್ರಿಕೆಯ ಬಾತ್ಮೀದಾರನೂ ಬರಲಿಲ್ಲ. ಅಲ್ಲಿನ ಸುದ್ದಿಯನ್ನು ಕಾಪಾಡಿದುದು ಲಾವಣಿ. ಅದನ್ನು ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಎಂಬುದನ್ನೂ ಕೃತಜ್ಞತೆಯಿಂದ ಹೇಳಬೇಕು.

ದಂಗೆ ಅಡಗಿದ ಮೇಲೆ ಸಾಮ್ರಾಜ್ಯವು ಮೊದಲು ಕಲಿತ ಪಾಠ ತಂತಿಯದು. 1865ರಲ್ಲಿ ಪಾರಸಿ ಕೊಲ್ಲಿಯ ಮಾರ್ಗವಾಗಿ, 1870ರಲ್ಲಿ ಸುಯೆಜ್ ಏಡನ್‌ಗಳ ಮಾರ್ಗವಾಗಿ ಇಂಡಿಯಾಕ್ಕೂ ಇಂಗ್ಲೆಂಡಿಗೂ ತಂತಿ ಬಿತ್ತು, ವಾರಗಳು ಗಂಟೆಗಳಾದವು. ರಾಯಿಟರ್ಸ್ ವಾರ್ತಾಸಂಸ್ಥೆ 1866ರಲ್ಲಿಯೇ ಬೊಂಬಾಯಿಯಲ್ಲಿ ಕಚೇರಿ ತೆರೆದಿದ್ದಿತು. 1870ರಲ್ಲಿ ಲಂಡನ್ನಿನ ರಾಯಿಟರ್ಸ್, ಪ್ಯಾರಿಸ್ಸಿನ ಅವಾಸ್, ಬರ್ಲಿನ್ನಿನ ವುಲ್ಫ್ ಸಂಸ್ಥೆಗಳು ಭೂಮಂಡಲವನ್ನೇ ತಮ್ಮೊಳಗೆ ಹಂಚಿಕೊಂಡು, ಒಬ್ಬರ ಭಾಗದ ಸುದ್ದಿಯನ್ನು ಮತ್ತೊಬ್ಬರು ಅವರಿಂದಲೇ ಕೊಳ್ಳತಕ್ಕದ್ದೆಂದು ಕರಾರು ಮಾಡಿಕೊಂಡವು. ಬ್ರಿಟಿಷ್ ಸಾಮ್ರಾಜ್ಯವು ಸ್ವಾಭಾವಿಕವಾಗಿ ರಾಯಿಟರ್ಸಿನ ಪಾಲಿಗೆ ಬಂತು. ಇದರ ಪರಿಣಾಮವನ್ನು ಸಾವಧಾನವಾಗಿ ಆಲೋಚಿಸಬೇಕು. ಪ್ಯಾರಿಸ್ಸಿನ ವರ್ತಕನಾಗಲಿ, ಬರ್ಲಿನ್ನಿನ ಪಂಡಿತನಾಗಲಿ, ಇಂಡಿಯಾದ ವಿಚಾರವಾಗಿ ಬೆಳಗಿನ ಪತ್ರಿಕೆಯಲ್ಲಿ ಓದುತ್ತಿದ್ದುದು ಬಹುಮಟ್ಟಿಗೆ ಇಂಡಿಯಾವನ್ನು ಆಳುತ್ತಿದ್ದ ಜನಾಂಗದವರೇ ಆರಿಸಿ ಕಳಿಸಿದ ಸುದ್ದಿ. ಇದರ ಮೇಲೆ 1885ರ ತಂತಿ ಕಾನೂನು ಬಂತು. ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿ ಯಾವ ತಂತಿಯನ್ನಾದರೂ ತಡೆದಿರಿಸುವ ಅಧಿಕಾರವನ್ನು ಅದರ ಐದನೆಯ ಕಲಮು ಸರ್ಕಾರಕ್ಕೆ ಕೊಟ್ಟಿತು.

ಈ ವ್ಯವಸ್ಥೆ ಎಷ್ಟು ಬಿಗಿಯಾಗಿದ್ದಿತೆಂಬುದಕ್ಕೆ ಪಂಜಾಬಿನ ದೃಷ್ಟಾಂತ ಸಾಕು. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ಡಯರನ ಸೈನಿಕರು 1,650 ಸುತ್ತು ಗುಂಡು ಹಾರಿಸಿದರು; ಸರ್ಕಾರವೇ ಒಪ್ಪಿದ ಲೆಕ್ಕದಲ್ಲಿ ಸತ್ತವರು 379, ಕಾಂಗ್ರೆಸ್ಸಿನವರ ಲೆಕ್ಕದಲ್ಲಿ ಸುಮಾರು ಸಾವಿರ. ಅನಂತರ ಪಂಜಾಬಿನ ಸುತ್ತ ಮಾರ್ಷಲ್ ಕಾನೂನಿನ ಗೋಡೆ ಎದ್ದಿತು. 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕ ಬಿ. ಜಿ. ಹಾರ್ನಿಮನ್, ಇಂಗ್ಲಿಷ್ ಮನುಷ್ಯನಾಗಿಯೂ ಇಂಡಿಯಾದ ಪಕ್ಷ ಹಿಡಿದು ಬರೆದುದಕ್ಕಾಗಿ, ಆ ತಿಂಗಳ ಕೊನೆಯಲ್ಲಿಯೇ ಹಡಗಿಗೆ ಹತ್ತಿಸಲ್ಪಟ್ಟನು. ಎಂಟು ತಿಂಗಳು ಕಳೆದ ಮೇಲೆ, ಪಂಜಾಬಿನ ಘಟನೆಗಳ ವಿಚಾರಣೆಗೆ ಸರ್ಕಾರ ನೇಮಿಸಿದ್ದ ಹಂಟರ್ ಸಮಿತಿಯ ಮುಂದೆ ಡಯರನೇ ನುಡಿದ ಸಾಕ್ಷ್ಯವು ಡಿಸೆಂಬರ್ ತಿಂಗಳಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ ಪ್ರಕಟವಾದಾಗ, ಈ ವಿವರಗಳನ್ನು ತಾನೂ ಪತ್ರಿಕೆಯಲ್ಲಿಯೇ ಮೊದಲು ಕಂಡುದಾಗಿ ಇಂಡಿಯಾ ಮಂತ್ರಿ ಮಾಂಟೆಗು ಪಾರ್ಲಿಮೆಂಟಿನಲ್ಲಿ ಹೇಳಬೇಕಾಯಿತು. ಮರುವರ್ಷ 'ಮಾರ್ನಿಂಗ್ ಪೋಸ್ಟ್' ಪತ್ರಿಕೆ ಡಯರನ ಗೌರವಾರ್ಥವಾಗಿ ನಿಧಿಯೊಂದನ್ನು ತೆರೆದು 26,000 ಪೌಂಡುಗಳಿಗೂ ಮಿಕ್ಕ ಹಣವನ್ನು ಕೂಡಿಸಿತು. ಕೊಟ್ಟವರೆಲ್ಲ ಕ್ರೂರಿಗಳಾಗಿದ್ದರೆಂದು ನಾನು ನಂಬಲಾರೆ. ಗುಂಡು ಬಿದ್ದ ದಿನ ಆ ಬಾಗಿನ ಬಾಗಿಲಿನಲ್ಲಿ ನಿಂತು ನೋಡಿದ ಒಬ್ಬನ ಬರಹವನ್ನು ಮರುವಾರವೇ ಅವರು ಓದಿದ್ದರೆ ಅವರಲ್ಲಿ ಹಲವರ ಕೈ ಹಿಂಜರಿಯುತ್ತಿದ್ದಿತು.

ಅಮೆರಿಕದವರ ಅಜ್ಞಾನ ಬೇರೊಂದು ಬಗೆಯದು. 1927ರಲ್ಲಿ ಕ್ಯಾಥರಿನ್ ಮೇಯೋ ಎಂಬಾಕೆ ಪ್ರಕಟಿಸಿದ 'ಮದರ್ ಇಂಡಿಯಾ' ಎಂಬ ಪುಸ್ತಕವು, ಈ ಜನ ತಮ್ಮ ಮನೆಯನ್ನೇ ಆಳಿಕೊಳ್ಳಲಾರದವರು, ದೇಶವನ್ನು ಹೇಗೆ ಆಳಿಕೊಂಡಾರು ಎಂಬ ಭಾವನೆಯನ್ನು ಅಲ್ಲಿ ಮನೆಮನೆಗೂ ಮುಟ್ಟಿಸಿದ್ದಿತು. ಮೂರು ವರ್ಷಗಳೊಳಗೆ ಆ ಚಿತ್ರದ ಎದುರಿಗೆ ಮತ್ತೊಂದು ಚಿತ್ರವನ್ನು ನಿಲ್ಲಿಸಿದವನು ಅಮೆರಿಕದ ಪತ್ರಿಕೋದ್ಯೋಗಿಯೇ ಎಂಬುದು ಗಮನಾರ್ಹ.

1930ರ ಮಾರ್ಚಿ 12ರಂದು ಸಾಬರಮತಿಯಿಂದ ಹೊರಟ ಗಾಂಧಿಯವರು ಏಪ್ರಿಲ್ 6ರಂದು ದಂಡಿಯ ಕಡಲತೀರದಲ್ಲಿ ಉಪ್ಪನ್ನೆತ್ತಿಕೊಂಡರು. ಅವರೊಡನೆ ನಡೆದವರಲ್ಲಿ ಕರ್ನಾಟಕದಿಂದ ಒಬ್ಬನೇ ಒಬ್ಬ, ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪ, ಇದ್ದುದನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಲೋಕಾಭಿಪ್ರಾಯವನ್ನು ಗಾಂಧಿಯವರು ಎಂದೂ ಉಪೇಕ್ಷಿಸಿದವರಲ್ಲ. ಉಪ್ಪನ್ನೆತ್ತುವ ಹಿಂದಿನ ದಿನ ಸ್ವಹಸ್ತದಿಂದ ಬರೆದುಕೊಟ್ಟ ಚೀಟಿಯಲ್ಲಿಯೂ ಅವರು ಬೇಡಿದುದು ಜಗತ್ತಿನ ಸಹಾನುಭೂತಿಯನ್ನು. ಏಪ್ರಿಲ್ ಕೊನೆಯಲ್ಲಿ ವೈಸರಾಯ್ ಇರ್ವಿನ್ನರು ಪತ್ರಿಕಾ ಸುಗ್ರೀವಾಜ್ಞೆಯನ್ನು ಹೊರಡಿಸಿದುದರಿಂದ ದೇಶೀಯ ಪತ್ರಿಕೆಗಳು ಸರ್ಕಾರ ಕೇಳುವ ಠೇವಣಿಯ ಭಯದಿಂದ ಬಾಯಿ ಮುಚ್ಚುವ ಇಲ್ಲವೆ ಬಾಗಿಲು ಮುಚ್ಚುವ ಸ್ಥಿತಿಗೆ ಬಂದವು. ಮೇ 5ರ ಮಧ್ಯರಾತ್ರಿ ಗಾಂಧಿಯವರು ಬಂಧಿತರಾದರು. ಧರಾಸನದ ಸರ್ಕಾರಿ ಉಪ್ಪಿನ ಕೋಠಿಗೆ ಅಹಿಂಸೆಯ ಮುತ್ತಿಗೆ ಹಾಕಬೇಕೆಂಬ ಅವರ ಸಂಕಲ್ಪವನ್ನು ವೃದ್ಧರಾದ ಅಬ್ಬಾಸ್ ತಯ್ಯಬ್ಜಿಯವರು ವಹಿಸಿಕೊಂಡು, ಅವರೂ ಬಂಧಿತರಾಗಲಾಗಿ, ಆ ಹೊಣೆ ಸರೋಜಿನೀ ನಾಯ್ಡು ಅವರಿಗೆ ಬಂತು.

ಮೇ 21ರ ಬೆಳಿಗ್ಗೆ ಧರಾಸನಕ್ಕೆ ಬಂದವನು ವೆಬ್ ಮಿಲ್ಲರ್, ಯುನೈಟೆಡ್ ಪ್ರೆಸ್ ಎಂಬ ಅಮೆರಿಕನ್ ವಾರ್ತಾಸಂಸ್ಥೆಯ ಬಾತ್ಮೀದಾರ. ಆ ಸಂಸ್ಥೆ 1907ರಲ್ಲಿ ಹುಟ್ಟಿದ್ದು; ರಾಯಿಟರ್ಸ್ ಮೊದಲಾದವರ ಹಂಚಿಕೆಯ ಕರಾರಿಗೆ ಅದು ಒಳಪಟ್ಟಿರಲಿಲ್ಲ. ತನ್ನ ಸುದ್ದಿಯನ್ನು ತಾನೇ ಹುಡುಕಿ ತರಬೇಕಾದ ಸಂಸ್ಥೆಗೆ ಮಾತ್ರ ಇಂಥ ಮನುಷ್ಯನು ಬೇಕಾಗಿದ್ದನು. ಬೊಂಬಾಯಿಯಿಂದ ಸುಮಾರು ನೂರೈವತ್ತು ಮೈಲಿ ಉತ್ತರದಲ್ಲಿರುವ ಆ ಹಳ್ಳಿಗೆ ಆಗ ನೇರವಾದ ರೈಲಿರಲಿಲ್ಲ. ಡುಂಗ್ರಿ ಎಂಬ ಸಣ್ಣ ಸ್ಟೇಷನ್ನಿನಲ್ಲಿಳಿದು, ಹೊಲಗದ್ದೆಗಳನ್ನು ಹಾಯ್ದು, ಸುಮಾರು ಆರು ಮೈಲಿ ಕಾಲುನಡಿಗೆಯಲ್ಲಿ ಅವನು ಅಲ್ಲಿಗೆ ಮುಟ್ಟಿದನು.

ಅವನು ಕಂಡುದು ಇದು. ಬಿಳಿಯ ಖಾದಿ ಉಟ್ಟ ಸುಮಾರು ಎರಡೂವರೆ ಸಾವಿರ ಸ್ವಯಂಸೇವಕರು ಪ್ರಾರ್ಥನೆಗಾಗಿ ನೆರೆದಿದ್ದರು. ಹೊಡೆತ ಬಿದ್ದರೆ ತಡೆಯುವುದಕ್ಕೆಂದು ಕೈಯನ್ನು ಕೂಡ ಎತ್ತಕೂಡದೆಂದು ಸರೋಜಿನೀ ದೇವಿಯವರು ಅವರಿಗೆ ಆಣತಿಯಿತ್ತರು. ಉಪ್ಪಿನ ರಾಶಿಗಳ ಸುತ್ತ ಮುಳ್ಳುತಂತಿಯ ಬೇಲಿ, ನೀರು ತುಂಬಿದ ಕಂದಕ; ಐದಾರು ಮಂದಿ ಬ್ರಿಟಿಷ್ ಅಧಿಕಾರಿಗಳ ಕೆಳಗೆ ಸುಮಾರು ನಾನೂರು ದೇಶೀಯ ಪೊಲೀಸರು, ಕೈಯಲ್ಲಿ ತುದಿಗೆ ಉಕ್ಕು ಕಟ್ಟಿದ ಲಾಠಿಗಳು. ಗಾಂಧಿಯವರ ಮಗ ಮಣಿಲಾಲರು ಮುಂದಾಳಾಗಿ ನಡೆದರು. ಮೊದಲನೆಯ ತಂಡ ಕಂದಕವನ್ನು ದಾಟಿ ಬೇಲಿಯನ್ನು ಸಮೀಪಿಸುತ್ತಲೇ ಪೊಲೀಸರು ಮೇಲೆ ಬಿದ್ದು ತಲೆಗಳ ಮೇಲೆ ಹೊಡೆಯತೊಡಗಿದರು. ಒಬ್ಬನೂ ಕೈಯೆತ್ತಲಿಲ್ಲ. ನಿಂತು ನೋಡುತ್ತಿದ್ದ ಮಿಲ್ಲರನ ಕಿವಿಗೆ, ಲಾಠಿ ತಲೆಬುರುಡೆಗೆ ಬೀಳುವ ಸದ್ದೂ, ಪ್ರತಿ ಹೊಡೆತಕ್ಕೂ ಕಾಯುತ್ತಿದ್ದ ಜನಸ್ತೋಮವು ಉಸಿರನ್ನೊಳಗೆಳೆದುಕೊಳ್ಳುವ ಸದ್ದೂ ಕೇಳಿಸಿದವು. ಮೊದಲನೆಯ ತಂಡದವರೆಲ್ಲ ನೆಲಕ್ಕುರುಳಿದ ಮೇಲೆ ಎರಡನೆಯ ತಂಡ, ಸಂಗೀತವಿಲ್ಲದೆ, ಜಯಘೋಷವಿಲ್ಲದೆ, ತಲೆಯೆತ್ತಿಕೊಂಡು ಅದೇ ದಾರಿಯಲ್ಲಿ ನಡೆದು ಬಂದಿತು. ಗಾಯಾಳುಗಳನ್ನು ಹೊರುವುದಕ್ಕೆ ಡೋಲಿಗಳು ಸಾಲದೆ ಕಂಬಳಿಗಳಲ್ಲಿ ಹೊತ್ತರು. ಅವು ರಕ್ತದಲ್ಲಿ ತೊಯ್ದುಹೋದವು. ಬಂಧಿಸಲೆಂದು ಬಂದ ಬ್ರಿಟಿಷ್ ಅಧಿಕಾರಿ ತೋಳನ್ನು ಮುಟ್ಟಿದಾಗ ಸರೋಜಿನೀ ದೇವಿಯವರು ಅವನ ಕೈಯನ್ನು ಕೊಡವಿ, ಬರುತ್ತೇನೆ, ಮುಟ್ಟಬೇಡವೆಂದರು. ಕೇಂದ್ರ ಶಾಸನಸಭೆಯ ಅಧ್ಯಕ್ಷಪದವನ್ನು ಬಿಟ್ಟು ಬಂದಿದ್ದ ವಿಠ್ಠಲಭಾಯಿ ಪಟೇಲರು ಅಲ್ಲಿಯೇ ನಿಂತು ಎಲ್ಲವನ್ನೂ ನೋಡಿ, ಇಂಡಿಯಾವನ್ನು ಬ್ರಿಟಿಷ್ ಸಾಮ್ರಾಜ್ಯದೊಡನೆ ಸಮಾಧಾನಗೊಳಿಸುವ ಆಶೆ ಇನ್ನು ಶಾಶ್ವತವಾಗಿ ಹೋಯಿತೆಂದು ಮಿಲ್ಲರನಿಗೆ ಹೇಳಿದರು.

ಬಿಸಿಲೇರಿ, ಹನ್ನೊಂದು ಗಂಟೆಯ ಹೊತ್ತಿಗೆ ನೆರಳಿನಲ್ಲಿಯೇ 116 ಡಿಗ್ರಿ ಫಾರನ್‌ಹೀಟ್ ತಾಪವಾದ ಮೇಲೆ ಹೊಡೆತ ನಿಂತಿತು. ಆಗ ಮಿಲ್ಲರನು ಮಾಡಿದುದು ಅವನ ವರದಿಯ ಪ್ರಾಣವೆಂದು ನನ್ನ ಅಭಿಪ್ರಾಯ. ಕಾಂಗ್ರೆಸ್ಸಿನವರನ್ನಾಗಲಿ ಸರ್ಕಾರದವರನ್ನಾಗಲಿ ಸಂಖ್ಯೆ ಕೇಳದೆ, ಚಪ್ಪರದ ಕೆಳಗಿನ ತಾತ್ಕಾಲಿಕ ಆಸ್ಪತ್ರೆಗೆ ಹೋಗಿ, ಮಲಗಿದ್ದವರ ಸಾಲುಗಳ ನಡುವೆ ನಡೆದು, ತಾನೇ ಎಣಿಸಿದನು: 320 ಗಾಯಾಳುಗಳು, ಹಲವರು ತಲೆಯೊಡೆದು ಇನ್ನೂ ಎಚ್ಚರವಿಲ್ಲದೆ ಬಿದ್ದವರು, ಇಬ್ಬರು ಸತ್ತಿದ್ದರು. ಅವನ ತಂತಿಯನ್ನು ಅಧಿಕಾರಿಗಳು ಹಾದುಹೋಗಗೊಡಲಿಲ್ಲ. ಬ್ರಿಟಿಷ್ ಸೆನ್ಸಾರ್ ಪದ್ಧತಿಯನ್ನೇ ಲೋಕದೆದುರು ಬಯಲಿಗೆಳೆಯುವೆನೆಂದು ಅವನು ಬೆದರಿಸಿದ ಮೇಲೆ ಅದು ಸಾಗಿತು. ಜಗತ್ತಿನ 1,350 ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು; ವಿಸ್ಕಾನ್ಸಿನ್ ಪ್ರಾಂತದ ಸೆನೆಟರ್ ಬ್ಲೇನ್ ಜುಲೈ ತಿಂಗಳಲ್ಲಿ ಅದನ್ನು ಅಮೆರಿಕದ ಸೆನೆಟ್ ಸಭೆಯ ದಾಖಲೆಗೆ ಸೇರಿಸಿದನು. ಇತ್ತ ಇರ್ವಿನ್ನರು ದೊರೆ ಐದನೆಯ ಜಾರ್ಜನಿಗೆ, ಧರಾಸನದ ಸಮರವಾರ್ತೆಗಳನ್ನು ಓದಿ ದೊರೆಗಳು ವಿನೋದಪಟ್ಟಿರಬಹುದೆಂದು ಕಾಗದ ಬರೆದರು. ಧರ್ಮಭೀರುವೆಂದು ಹೆಸರಾಗಿದ್ದ, ಗಾಂಧಿಯವರೇ ಗೌರವದಿಂದ ಕಂಡ ವ್ಯಕ್ತಿ ಅವರು. ಡುಂಗ್ರಿಯಿಂದ ಆರು ಮೈಲಿ ನಡೆದು ಆ ಚಪ್ಪರದೊಳಗೆ ಹೊಕ್ಕಿದ್ದರೆ ಅವರ ಲೇಖನಿ ಆ ಮಾತನ್ನು ಬರೆಯುತ್ತಿರಲಿಲ್ಲ.

ಅದೇ ಮೇ ತಿಂಗಳಲ್ಲಿ 'ಡೈಲಿ ಹೆರಾಲ್ಡ್' ಪತ್ರಿಕೆಯ ಜಾರ್ಜ್ ಸ್ಲೋಕಂಬ್ ಯರವಡಾ ಸೆರೆಮನೆಯಲ್ಲಿ ಗಾಂಧಿಯವರನ್ನು ಕಂಡು ಸಂಧಾನದ ಮಾತಿಗೆ ದಾರಿ ತೆರೆದನು. ಜೂನ್ ತಿಂಗಳಲ್ಲಿ ಬೊಂಬಾಯಿಯ ಮೈದಾನದಲ್ಲಿ ನಡೆದ ಲಾಠಿ ಪ್ರಹಾರವನ್ನು 'ಚಿಕಾಗೊ ಡೈಲಿ ನ್ಯೂಸ್' ಪತ್ರಿಕೆಯ ನೆಗ್ಲಿ ಫಾರ್ಸನ್ ಕಂಡು ಬರೆದನು. ಆದರೆ ಇವರೆಲ್ಲರೂ ಕಂಡು ಬರೆದುದು ಬೊಂಬಾಯಿಯ ಆಸುಪಾಸಿನಲ್ಲಿಯೇ ಎಂಬುದನ್ನು ಮರೆಯಲಾಗದು. ಧರಾಸನಕ್ಕೆ ನಾಲ್ಕು ವಾರ ಮುಂಚೆ, ಏಪ್ರಿಲ್ 23ರಂದು, ಪೇಷಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಅನುಯಾಯಿಗಳ ಮೇಲೆ ಸೈನ್ಯವು ಗುಂಡು ಹಾರಿಸಿತು. ನಿರಾಯುಧರ ಮೇಲೆ ಗುಂಡಿಡಲಾರೆವೆಂದು ಚಂದ್ರಸಿಂಗ್ ಗಢವಾಲಿಯೂ ಅವನ ಸಂಗಡಿಗ ಸಿಪಾಯಿಗಳೂ ನಿರಾಕರಿಸಿ ಕಠಿಣ ಶಿಕ್ಷೆಗೆ ಗುರಿಯಾದರು. ಧರಾಸನಕ್ಕಿಂತ ಎಷ್ಟೋ ಹೆಚ್ಚು ಪ್ರಾಣಗಳು ಅಲ್ಲಿ ಹೋದವು. ಎಷ್ಟು ಹೋದವೆಂಬ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇಂದಿಗೂ ಹೊಂದಿಕೆಯಿಲ್ಲ, ಏಕೆಂದರೆ ಸಾಲುಗಳ ನಡುವೆ ನಡೆದು ಎಣಿಸುವ ಒಬ್ಬ ಮಿಲ್ಲರ್ ಅಲ್ಲಿರಲಿಲ್ಲ. ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾನೂನನ್ನು ಮುರಿದ ನಮ್ಮ ಅಂಕೋಲೆಯೂ ಜಗತ್ತಿನ ಪತ್ರಿಕೆಗಳಲ್ಲಿ ಹೆಸರಾಗಲಿಲ್ಲ. ಪರದೇಶದ ಪತ್ರಿಕೆ ಬೆಳಕು ಚೆಲ್ಲಿದಲ್ಲಿ ಮಾತ್ರ ನಮ್ಮ ಜನ ಹೋರಾಡಿದರೆಂದು ತಿಳಿಯುವ ಪ್ರಮಾದವನ್ನು ಚರಿತ್ರೆ ಬರೆಯುವವರು ಮಾಡಬಾರದು.

ಇನ್ನೊಂದು ಅಧ್ಯಾಯವನ್ನು ಹೇಳದೆ ಬಿಟ್ಟರೆ ಈ ಚರಿತ್ರೆಗೆ ಅನ್ಯಾಯವಾದೀತು. 1975ರ ಜೂನ್ 25ರ ರಾತ್ರಿ ಸ್ವತಂತ್ರ ಭಾರತದ ಸರ್ಕಾರವೇ ತುರ್ತುಪರಿಸ್ಥಿತಿಯನ್ನು ಸಾರಿ, ಪತ್ರಿಕೆಗಳ ಮೇಲೆ ಸೆನ್ಸಾರನ್ನು ಕೂರಿಸಿತು. 'ವಾಷಿಂಗ್‌ಟನ್ ಪೋಸ್ಟ್' ಪತ್ರಿಕೆಯ ಲೂಯಿಸ್ ಸೈಮನ್ಸ್ ಕೆಲವೇ ದಿನಗಳಲ್ಲಿ ದೇಶದಿಂದ ಹೊರಹಾಕಲ್ಪಟ್ಟರು, ಕಟ್ಟುಪಾಡುಗಳಿಗೆ ಒಪ್ಪದ ಇತರ ಬಾತ್ಮೀದಾರರೂ ಹೊರಡಬೇಕಾಯಿತು, ಬಿ.ಬಿ.ಸಿ.ಯ ಮಾರ್ಕ್ ಟಲ್ಲಿ ದಿಲ್ಲಿಯನ್ನು ಬಿಟ್ಟರು. ತಮ್ಮ ದೇಶದಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯುವುದಕ್ಕಾಗಿ ನಮ್ಮ ಜನ ರಾತ್ರಿಯ ಹೊತ್ತು ರೇಡಿಯೋದ ಕಿವಿ ಹಿಂಡಿ ಲಂಡನ್ನಿನ ವಾರ್ತೆಗೆ ಕಾಯುವ ಕಾಲ ಬಂತು. ಆ ದಿನಗಳಲ್ಲಿ ಬಂಧಿತರಾದ, 'ಸಂಸ್ಕಾರ' ಚಿತ್ರದಲ್ಲಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಉಬ್ಬಸದಿಂದ ನವೆದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಬಾತ್ಮೀದಾರನು ಪರಕೀಯನೆಂಬ ಕಾರಣಕ್ಕೆ ಅವನ ಮಾತನ್ನು ತಳ್ಳಿಹಾಕುವುದು ಆಗಿನ ಅಧಿಕಾರಿಗಳಿಗೆ ಸುಲಭವಾಗಿತ್ತು. ಧರಾಸನದ ವರದಿಯನ್ನು ಪಾಠವಾಗಿ ಓದಿ ಬೆಳೆದ ದೇಶಕ್ಕೆ ಅದು ತಕ್ಕುದಾಗಿರಲಿಲ್ಲ. 1977ರ ಮಾರ್ಚಿಯಲ್ಲಿ ತುರ್ತುಪರಿಸ್ಥಿತಿ ಕೊನೆಗೊಂಡಿತು, ಟಲ್ಲಿ ಮತ್ತೆ ದಿಲ್ಲಿಗೆ ಬಂದರು. ಬ್ರಿಟಿಷರು ಬರೆದಿಟ್ಟ 1885ರ ತಂತಿ ಕಾನೂನನ್ನು ನಾವು ಆಗಲೂ ರದ್ದು ಮಾಡಲಿಲ್ಲ.